ಹಳೆ ಲೇತಿನ ಜಾತಕ: ಗುರುತಿಸುವುದು, ಅಳೆಯುವುದು, ತಪಾಸಣೆ ಮಾಡುವುದು, ನೆರವು ಕೇಳುವುದು

ಹಳೆ ಲೇತ್ (ಲೋಹದ ತುಂಡನ್ನು ತಿರುಗಿಸುತ್ತಾ ಕೆತ್ತುವ ಯಂತ್ರ) ತಂದವರು ಮೊದಲು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಇದರ ಪಾರ್ಟು ಎಲ್ಲಿ ಸಿಗುತ್ತೆ?" ಜೊತೆಗೆ ಶೆಡ್ಡಿನ ಕತ್ತಲಲ್ಲಿ ತೆಗೆದ ಒಂದು ಫೋಟೊ. ಕೇಳಿಸಿಕೊಂಡವರಿಗೆ ಸಹಾಯ ಮಾಡುವ ಮನಸ್ಸು ಇರುತ್ತದೆ. ಆದರೆ ಯಾವ ಲೇತು, ಯಾವ ಪಾರ್ಟು, ಏನು ಅಳತೆ ಎಂದು ತಿಳಿಯದೆ ಅವರೂ ಸುಮ್ಮನಾಗುತ್ತಾರೆ.

ಹಳೆ ಲೇತಿನ ಪಾರ್ಟು ಹೆಸರಿನಿಂದ ಸಿಗುವುದು ಕಡಿಮೆ, ಅಳತೆಯಿಂದ ಸಿಗುವುದು ಜಾಸ್ತಿ. ಅಮೆರಿಕದ ಸೌತ್ ಬೆಂಡ್ 9 ಇಂಚಿನ ಲೇತಿನ ಸ್ಪಿಂಡಲ್ (ತುಂಡನ್ನು ತಿರುಗಿಸುವ ಮುಖ್ಯ ಶಾಫ್ಟ್) ಥ್ರೆಡ್ 1½ ಇಂಚು, ಇಂಚಿಗೆ 8 ಸುತ್ತು. ಅಟ್ಲಾಸ್ 10 ಇಂಚಿನ ಲೇತಿಗೂ ಅದೇ, ಲೋಗನ್ 10 ಇಂಚಿನದಕ್ಕೂ ಅದೇ. ಸೌತ್ ಬೆಂಡ್ ಚಕ್ಕೇ (ಸ್ಪಿಂಡಲ್ಲಿಗೆ ಕೂರಿಸಿ ತುಂಡು ಹಿಡಿಯುವ ಭಾಗ) ಬೇಕು ಎಂದು ಹುಡುಕುವವರ ಮುಂದೆ ಬಾಗಿಲು ಒಂದೇ. ಅಳತೆ ಹಿಡಿದು ಹುಡುಕುವವರಿಗೆ ಮೂರು ಬಾಗಿಲು.

ನಮ್ಮ ಕಡೆ ಇದು ಇನ್ನೂ ಮುಖ್ಯ. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಇವತ್ತು ನಡೆಯುತ್ತಿಲ್ಲ. ಆದರೆ ಅದರ ಎಂಟರ್‌ಪ್ರೈಸ್, ಟರ್ನ್‌ಮಾಸ್ಟರ್ ಲೇತುಗಳು ವರ್ಕ್‌ಶಾಪುಗಳಲ್ಲಿ ಈಗಲೂ ದುಡಿಯುತ್ತಿವೆ. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಎಚ್‌ಎಂಟಿಯ ಎಚ್22, ಎಲ್‌ಬಿ17, ಎನ್‌ಎಚ್22 ಲೇತುಗಳೂ ಹಾಗೆಯೇ ಇನ್ನೂ ದುಡಿಯುತ್ತಿವೆ. ಇವುಗಳನ್ನು ಉಳಿಸಿಕೊಂಡು ಬಂದವರು ಲೇತಿನ ಮಾಲೀಕರು ಮತ್ತು ಟರ್ನರುಗಳು. ಒಬ್ಬರ ಹತ್ತಿರ ಕೈಪಿಡಿ ಇರುತ್ತದೆ, ಇನ್ನೊಬ್ಬರ ಹತ್ತಿರ ಒಡೆಯದ ಗೇರು ಇರುತ್ತದೆ. ಇವರಿಬ್ಬರನ್ನು ಸೇರಿಸಲು ಲೇತಿನ ವಿವರವೆಲ್ಲ ಬರೆದ ಒಂದೆರಡು ಹಾಳೆ ಸಾಕು. ಅದನ್ನೇ ನಾನು ಲೇತಿನ ಜಾತಕ ಎನ್ನುತ್ತೇನೆ. ಒಂದು ನೋಟ್ ಪುಸ್ತಕ ತನ್ನಿ, ಮೊದಲಿನಿಂದ ಬರೆಯುತ್ತಾ ಹೋಗೋಣ.

ಮೊದಲ ಹೆಜ್ಜೆ: ಲೇತ್ ಯಾವುದು?

ಸ್ಪ್ಯಾನರ್ ಮುಟ್ಟುವ ಮೊದಲು ಫೋಟೊ ತೆಗೆಯಿರಿ. ಮುಂದಿನಿಂದ ಪೂರ್ತಿ ಲೇತು, ಹಿಂದಿನಿಂದ ಪೂರ್ತಿ ಲೇತು, ಗೇರ್ ಬಾಗಿಲು ತೆಗೆದು ಹೆಡ್‌ಸ್ಟಾಕಿನ (ಸ್ಪಿಂಡಲ್ ಇರುವ ಎಡಗಡೆಯ ಪೆಟ್ಟಿಗೆ) ತುದಿ, ಟೇಲ್‌ಸ್ಟಾಕಿನ (ತುಂಡಿನ ಇನ್ನೊಂದು ತುದಿಗೆ ಆಸರೆ ಕೊಡುವ ಬಲಗಡೆಯ ಭಾಗ) ತುದಿ, ಏಪ್ರನ್ (ಹ್ಯಾಂಡ್ ವೀಲ್ ಇರುವ ಮುಂದಿನ ಪೆಟ್ಟಿಗೆ), ಚಕ್ ಬಿಚ್ಚಿದ ಸ್ಪಿಂಡಲ್, ಎಲ್ಲ ನೇಮ್‌ಪ್ಲೇಟುಗಳು. ಹಗಲು ಬೆಳಕಿನಲ್ಲಿ, ನೇರವಾಗಿ ನಿಂತು ತೆಗೆಯಿರಿ. ಪಕ್ಕದಲ್ಲಿ ಒಂದು ಸ್ಟೀಲ್ ರೂಲ್ ಇಟ್ಟರೆ ಅಳತೆಯ ಅಂದಾಜೂ ಸಿಗುತ್ತದೆ.

ಆಮೇಲೆ ನಂಬರುಗಳು. ಇಲ್ಲಿ ಬಹಳ ಜನ ಎಡವುತ್ತಾರೆ. ಬೀಡಿನ (ಎರಕದ ಕಬ್ಬಿಣದ) ಮೈಮೇಲೆ ಉಬ್ಬಿರುವ ನಂಬರು ಸೀರಿಯಲ್ ನಂಬರ್ ಅಲ್ಲ. ಅದು ಎರಕದ ಪ್ಯಾಟರ್ನಿನ (ಅಚ್ಚು ಒತ್ತುವ ಮಾದರಿಯ) ನಂಬರು. ಅದೇ ಭಾಗದ ಎರಕ ಇರುವ ಎಲ್ಲ ಲೇತಿನಲ್ಲೂ ಅದು ಇರುತ್ತದೆ. ಸೀರಿಯಲ್ ನಂಬರನ್ನು ಪಂಚಿನಿಂದ ಹೊಡೆದಿರುತ್ತಾರೆ, ಅಂದರೆ ಒಳಗೆ ತಗ್ಗಿರುತ್ತದೆ. ಎರಡನ್ನೂ ಬರೆದುಕೊಳ್ಳಿ, ಆದರೆ ಬೇರೆ ಬೇರೆ ಸಾಲಿನಲ್ಲಿ. ಪಾರ್ಟು ಹುಡುಕುವಾಗ ಪ್ಯಾಟರ್ನ್ ನಂಬರೂ ಕೆಲಸಕ್ಕೆ ಬರುತ್ತದೆ.

ಸೌತ್ ಬೆಂಡ್ ಲೇತಿನಲ್ಲಿ ಸೀರಿಯಲ್ ನಂಬರು ಬೆಡ್ಡಿನ (ಎಲ್ಲ ಭಾಗ ಕೂರುವ ಉದ್ದನೆಯ ಬುಡದ) ಮೇಲ್ಭಾಗದಲ್ಲಿ, ಟೇಲ್‌ಸ್ಟಾಕ್ ಕಡೆಯ ತುದಿಯಲ್ಲಿ ಇರುತ್ತದೆ. ಇಂಗ್ಲೆಂಡಿನ ಬೀಸ್ಟನ್ ಊರಿನಲ್ಲಿ ತಯಾರಾದ ಮೈಫೋರ್ಡ್ ಎಂಎಲ್7 ಲೇತಿನಲ್ಲೂ ಬೆಡ್ಡಿನ ಅದೇ ತುದಿಯನ್ನು ನೋಡಬೇಕು. ನಿಮ್ಮ ಲೇತ್ ಯಾವುದೇ ಇರಲಿ, ಹುಡುಕಾಟ ಅಲ್ಲಿಂದಲೇ ಶುರುವಾಗಲಿ. ಟೇಲ್‌ಸ್ಟಾಕನ್ನು ಮುಂದೆ ತಳ್ಳಿ, ಸೀಮೆಎಣ್ಣೆ ಹಾಕಿ ಹಳೆ ಟೂತ್ ಬ್ರಷ್ಷಿನಿಂದ ಉಜ್ಜಿ. ನಂಬರು ಸರಿಯಾಗಿ ಕಾಣದಿದ್ದರೆ ಸೀಮೆಸುಣ್ಣ ಸವರಿ ಮೇಲಿನಿಂದ ಒರೆಸಿ. ತಗ್ಗಿನಲ್ಲಿ ಉಳಿದ ಬಿಳಿ ಬಣ್ಣ ಅಂಕಿಗಳನ್ನು ತೋರಿಸುತ್ತದೆ. ತೆಳು ಕಾಗದ ಇಟ್ಟು ಪೆನ್ಸಿಲ್ ಓರೆಯಾಗಿ ಉಜ್ಜಿದರೂ ಆಗುತ್ತದೆ.

ನೇಮ್‌ಪ್ಲೇಟಿಗೆ ವೈರ್ ಬ್ರಷ್, ಎಮರಿ ಪೇಪರ್ ತಾಗಿಸಲೇಬೇಡಿ. ಹಳೆ ಪ್ಲೇಟಿನ ಅಕ್ಷರ ಒಮ್ಮೆ ಹೋದರೆ ಮತ್ತೆ ಬರುವುದಿಲ್ಲ. ಥ್ರೆಡ್ಡಿಂಗ್ ಚಾರ್ಟ್ ಇರುವ ಪ್ಲೇಟ್ ಅಂತೂ ಆ ಲೇತಿನ ಅರ್ಧ ಕೈಪಿಡಿಯೇ ಸರಿ. ಅದರ ಸ್ಪಷ್ಟ ಫೋಟೊ ತೆಗೆದು ಬೇರೆಯಾಗಿ ಇಟ್ಟುಕೊಳ್ಳಿ. ಪ್ಲೇಟ್ ಕಳೆದುಕೊಂಡವರು ಒಂದಲ್ಲ ಒಂದು ದಿನ ಅದನ್ನು ಕೇಳುತ್ತಾರೆ.

ಪ್ಲೇಟೇ ಇಲ್ಲದ ಲೇತುಗಳೂ ಬಹಳ ಇವೆ. ಹಳೆ ಮಾದರಿಗಳನ್ನು ನೋಡಿ ಎರಕ ಹೊಯ್ದು ಮಾಡಿದ ಲೇತುಗಳು ಪಂಜಾಬಿನ ಬಟಾಲಾ, ಗುಜರಾತಿನ ರಾಜಕೋಟ್ ಕಡೆಯಿಂದ ದೇಶದ ತುಂಬಾ ಹೋಗಿವೆ. ಅಂಥ ಲೇತನ್ನು ಕೀಳಾಗಿ ನೋಡಬೇಕಿಲ್ಲ. ಅದಕ್ಕೆ ಹೆಸರಿಲ್ಲ, ಅಷ್ಟೇ. ಅಳತೆ ಇದ್ದೇ ಇದೆ ಅಲ್ವಾ?

ಎರಡನೇ ಹೆಜ್ಜೆ: ಅಳತೆ

ಇದು ಜಾತಕದ ಮುಖ್ಯ ಪುಟ. ಬೇಕಾದ ಸಾಮಾನು: ಟೇಪು, ವರ್ನಿಯರ್, ಥ್ರೆಡ್ ಪಿಚ್ ಗೇಜ್, ಸ್ಟೀಲ್ ರೂಲ್.

ಗಾತ್ರ ಹೇಳುವ ರೀತಿ ದೇಶಕ್ಕೊಂದು. ಬೆಡ್ಡಿನಿಂದ ಸೆಂಟರಿನ (ಜಾಬಿಗೆ ಆಸರೆ ಕೊಡುವ ಚೂಪು ಮೊನೆಯ) ತುದಿಗೆ ಎಷ್ಟು ಎತ್ತರ ಎಂದು ಇಂಗ್ಲೆಂಡಿನವರು ಹೇಳುತ್ತಾರೆ. ಬೆಡ್ಡಿನ ಮೇಲೆ ಎಷ್ಟು ದಪ್ಪದ ಜಾಬ್ (ಕೆತ್ತುವ ತುಂಡು) ತಿರುಗುತ್ತದೆ ಎಂದು ಅಮೆರಿಕದವರು ಹೇಳುತ್ತಾರೆ. ಹಾಗಾಗಿ ಇಂಗ್ಲೆಂಡಿನ 3½ ಇಂಚಿನ ಮೈಫೋರ್ಡ್ ಅಮೆರಿಕದ ಲೆಕ್ಕದಲ್ಲಿ 7 ಇಂಚಿನ ಲೇತು. ಎಚ್‌ಎಂಟಿಯ ಎನ್‌ಎಚ್22 ಹೆಸರಿನಲ್ಲಿರುವ 22 ಎಂದರೆ 220 ಮಿ.ಮೀ. ಸೆಂಟರ್ ಎತ್ತರ. ನಮ್ಮ ವರ್ಕ್‌ಶಾಪುಗಳಲ್ಲಿ "ಆರಡಿ ಲೇತು" ಎಂದರೆ ಬೆಡ್ಡಿನ ಉದ್ದ. ಗೊಂದಲ ಬೇಡವೆಂದರೆ ಮೂರನ್ನೂ ಬರೆಯಿರಿ: ಸೆಂಟರ್ ಎತ್ತರ, ಬೆಡ್ಡಿನ ಒಟ್ಟು ಉದ್ದ, ಎರಡು ಸೆಂಟರುಗಳ ನಡುವಿನ ಗರಿಷ್ಠ ದೂರ.

ಸ್ಪಿಂಡಲ್ಲಿನ ಮೂತಿ. ಚಕ್ ಕೂರುವ ಜಾಗ ಇದು. ಥ್ರೆಡ್ ಇದ್ದರೆ ಹೊರ ವ್ಯಾಸ, ಒಂದು ಇಂಚಿನಲ್ಲಿ ಎಷ್ಟು ಸುತ್ತು, ಥ್ರೆಡ್ಡಿನ ಉದ್ದ ಬರೆಯಿರಿ. ಥ್ರೆಡ್ಡಿನ ಹಿಂದೆ ನುಣುಪಾದ ಒಂದು ಪಟ್ಟಿ ಇರುತ್ತದೆ, ಅದು ರಿಜಿಸ್ಟರ್. ಅದರ ವ್ಯಾಸ ಮತ್ತು ಅಗಲವನ್ನೂ ಬರೆಯಲೇಬೇಕು. ಚಕ್ಕನ್ನು ನೇರವಾಗಿ ಹಿಡಿಯುವುದು ಈ ರಿಜಿಸ್ಟರ್ ಮತ್ತು ಅದರ ಹಿಂದಿನ ಭುಜ, ಥ್ರೆಡ್ ಎಳೆದು ಕೂರಿಸುತ್ತದೆ ಅಷ್ಟೇ. ಥ್ರೆಡ್ ಸರಿಯಿದ್ದು ರಿಜಿಸ್ಟರ್ ಸಡಿಲವಾಗಿದ್ದರೆ ಚಕ್ ಪ್ರತಿ ಸಲ ಬೇರೆ ಕಡೆ ಕೂರುತ್ತದೆ. ಥ್ರೆಡ್ಡಿನ ಕೋನವನ್ನೂ ಗೇಜಿನಿಂದ ನೋಡಿ. ಇಂಗ್ಲೆಂಡಿನ ವಿಟ್‌ವರ್ತ್ 55 ಡಿಗ್ರಿ, ಅಮೆರಿಕದ್ದು ಮತ್ತು ಮೆಟ್ರಿಕ್ 60 ಡಿಗ್ರಿ. ಮೈಫೋರ್ಡ್ ಎಂಎಲ್7ರದ್ದು 1⅛ ಇಂಚು, ಇಂಚಿಗೆ 12 ಸುತ್ತು, ವಿಟ್‌ವರ್ತ್ ಕೋನ.

ಥ್ರೆಡ್ ಬದಲು ಕ್ಯಾಮ್‌ಲಾಕ್ (ಪಿನ್ನುಗಳಿಂದ ಚಕ್ ಬಿಗಿಯುವ ವ್ಯವಸ್ಥೆ) ಇದ್ದರೆ ಪಿನ್ನಿನ ತೂತು ಎಣಿಸಿ, ಮುಂದಿನ ಸಣ್ಣ ಟೇಪರಿನ (ಬರಬರುತ್ತಾ ಸಣ್ಣಗಾಗುವ ಮೈಯ) ವ್ಯಾಸ ಅಳೆಯಿರಿ. ಡಿ1-4ರಲ್ಲಿ ಮೂರು ತೂತು, ವ್ಯಾಸ ಸುಮಾರು 63.5 ಮಿ.ಮೀ. ಡಿ1-6ರಲ್ಲಿ ಆರು ತೂತು, ವ್ಯಾಸ ಸುಮಾರು 106.4 ಮಿ.ಮೀ.

ಟೇಲ್‌ಸ್ಟಾಕಿನ ಟೇಪರ್. ಬಾಯಿಯ ವ್ಯಾಸ ಅಳೆದರೆ ಮೋರ್ಸ್ ಟೇಪರಿನ ನಂಬರು ತಿಳಿಯುತ್ತದೆ. ಸುಮಾರು 17.8 ಮಿ.ಮೀ. ಇದ್ದರೆ ಎಂಟಿ 2, 23.8 ಇದ್ದರೆ ಎಂಟಿ 3, 31.3 ಇದ್ದರೆ ಎಂಟಿ 4. ಹಳೆ ಲೇತಿನ ಬಾಯಿ ಏಟು ತಿಂದು ಅರಳಿರುತ್ತದೆ, ಅಂಚಿನ ಏಟು ಬಿಟ್ಟು ಒಳಗೆ ಅಳೆಯಿರಿ. ಹೆಡ್‌ಸ್ಟಾಕಿನ ಟೇಪರ್ ಇದೇ ಇರಬೇಕೆಂದಿಲ್ಲ. ಸೌತ್ ಬೆಂಡ್ 9 ಇಂಚಿನ ಲೇತಿನಲ್ಲಿ ಹೆಡ್‌ಸ್ಟಾಕಿನದು ಎಂಟಿ 3, ಟೇಲ್‌ಸ್ಟಾಕಿನದು ಎಂಟಿ 2.

ಲೀಡ್ ಸ್ಕ್ರೂ. ಥ್ರೆಡ್ ಕಟ್ ಮಾಡುವಾಗ ಟೂಲನ್ನು ಸಾಗಿಸುವ ಉದ್ದನೆಯ ಸ್ಕ್ರೂ ಇದು. ರೂಲ್ ಇಟ್ಟು ಒಂದು ಇಂಚಿನಲ್ಲಿ ಎಷ್ಟು ಸುತ್ತು ಎಣಿಸಿ. ಪೂರ್ತಿ ಸಂಖ್ಯೆ ಬರದಿದ್ದರೆ ಮೆಟ್ರಿಕ್ ಇರಬಹುದು, ಹತ್ತು ಸುತ್ತಿನ ಉದ್ದವನ್ನು ಮಿ.ಮೀ.ನಲ್ಲಿ ಅಳೆದು ಹತ್ತರಿಂದ ಭಾಗಿಸಿ. ಸವೆಯದ ಜಾಗದಲ್ಲಿ, ಅಂದರೆ ಟೇಲ್‌ಸ್ಟಾಕ್ ತುದಿಯಲ್ಲಿ ಅಳೆಯುವುದು ಒಳ್ಳೆಯದು.

ಚೇಂಜ್ ಗೇರುಗಳು. ಸ್ಪಿಂಡಲ್ಲಿನಿಂದ ಲೀಡ್ ಸ್ಕ್ರೂ ತಿರುಗಿಸುವ, ಬದಲಿಸಬಹುದಾದ ಗೇರುಗಳು ಇವು. ಇಲ್ಲಿ ಸ್ವಲ್ಪ ನಿಧಾನ ಮಾಡೋಣ, ಯಾಕೆಂದರೆ ಜಾಸ್ತಿ ದುಡ್ಡು ಹಾಳಾಗುವುದು ಇಲ್ಲೇ. ಪ್ರತಿ ಗೇರಿನ ಹಲ್ಲು ಎಣಿಸಿ, ಹೊರ ವ್ಯಾಸ ಅಳೆಯಿರಿ, ಅಗಲ, ತೂತಿನ ವ್ಯಾಸ, ಕೀ ಗಾಡಿಯ (ಕೀ ಕೂರುವ ತೋಡಿನ) ಅಗಲ ಬರೆಯಿರಿ. ಮೆಟ್ರಿಕ್ ಗೇರಿನ ಮಾಡ್ಯೂಲ್ (ಹಲ್ಲಿನ ಗಾತ್ರದ ಅಳತೆ) ತಿಳಿಯಲು ಮಿ.ಮೀ.ನಲ್ಲಿರುವ ಹೊರ ವ್ಯಾಸವನ್ನು "ಹಲ್ಲು ಜೊತೆಗೆ ಎರಡು" ಎಂಬ ಸಂಖ್ಯೆಯಿಂದ ಭಾಗಿಸಬೇಕು. ಇಂಚಿನ ಗೇರಿನ ಡಿಪಿ (ಡಯಾಮೆಟ್ರಲ್ ಪಿಚ್, ಇಂಚಿನ ಲೆಕ್ಕದಲ್ಲಿ ಹಲ್ಲಿನ ಗಾತ್ರ) ತಿಳಿಯಲು ಉಲ್ಟಾ: "ಹಲ್ಲು ಜೊತೆಗೆ ಎರಡು" ಎಂಬುದನ್ನು ಇಂಚಿನ ಹೊರ ವ್ಯಾಸದಿಂದ ಭಾಗಿಸಬೇಕು. 40 ಹಲ್ಲಿನ ಗೇರಿನ ಹೊರ ವ್ಯಾಸ 2.1 ಇಂಚು ಇದ್ದರೆ 42 ಭಾಗ 2.1, ಅಂದರೆ 20 ಡಿಪಿ. ಮೈಫೋರ್ಡಿನ ಚೇಂಜ್ ಗೇರುಗಳು 20 ಡಿಪಿ, ಸೌತ್ ಬೆಂಡ್ 9 ಇಂಚಿನದು 18 ಡಿಪಿ. ಎರಡರಲ್ಲೂ ಹಲ್ಲಿನ ಪ್ರೆಶರ್ ಕೋನ (ಹಲ್ಲಿನ ಪಕ್ಕದ ಓರೆ) 14½ ಡಿಗ್ರಿ. ಇವತ್ತು ಅಂಗಡಿಯಲ್ಲಿ ಸಿಗುವ ಗೇರುಗಳು ಸಾಮಾನ್ಯವಾಗಿ 20 ಡಿಗ್ರಿಯವು.

20 ಡಿಪಿ ಗೇರು ಮತ್ತು 1.25 ಮಾಡ್ಯೂಲ್ ಗೇರು ನೋಡಲು ಒಂದೇ ಥರ. ಆದರೆ 40 ಹಲ್ಲಿನ 20 ಡಿಪಿ ಗೇರಿನ ಹೊರ ವ್ಯಾಸ 53.34 ಮಿ.ಮೀ., 1.25 ಮಾಡ್ಯೂಲಿನದು 52.5 ಮಿ.ಮೀ. ಕೈಯಲ್ಲಿ ಹಿಡಿದು ಜೋಡಿಸಿದರೆ ಕೂತ ಹಾಗೆ ಅನ್ನಿಸುತ್ತದೆ. ಓಡಿಸಿದರೆ ಕಿರುಚುತ್ತದೆ, ಬೇಗ ಸವೆಯುತ್ತದೆ. ವರ್ನಿಯರ್ ಹಿಡಿದರೆ ಈ ನಷ್ಟ ತಪ್ಪುತ್ತದೆ.

ಪೆಟ್ಟಿಗೆಯಲ್ಲಿ 127 ಹಲ್ಲಿನ ಗೇರು ಇದ್ದರೆ ಅದನ್ನು ಜೋಪಾನ ಮಾಡಿ. ಇಂಚಿನ ಲೀಡ್ ಸ್ಕ್ರೂ ಇರುವ ಲೇತಿನಲ್ಲಿ ಮೆಟ್ರಿಕ್ ಥ್ರೆಡ್ಡನ್ನು ಚೂರೂ ವ್ಯತ್ಯಾಸವಿಲ್ಲದೆ ಕಟ್ ಮಾಡಲು ಬೇಕಾದ ಗೇರು ಅದು. 25.4ನ್ನು ಐದರಿಂದ ಗುಣಿಸಿದರೆ 127 ಬರುತ್ತದೆ, ಅದಕ್ಕೇ ಆ ವಿಚಿತ್ರ ಸಂಖ್ಯೆ.

ಮೂರನೇ ಹೆಜ್ಜೆ: ಎಷ್ಟು ಸವೆದಿದೆ?

ಕೊಳ್ಳುವ ಮೊದಲೂ ಈ ತಪಾಸಣೆ ಮಾಡಬಹುದು. ಗುಜರಿ ಅಂಗಡಿಯಲ್ಲಿ ಕರೆಂಟ್ ಇಲ್ಲದಿದ್ದರೂ ಆಗುತ್ತದೆ. ಬಣ್ಣ ಹೊಡೆದು ಮಿರಿಮಿರಿ ಮಾಡಿದ ಲೇತನ್ನು ಜಾಸ್ತಿ ಅನುಮಾನದಿಂದ ನೋಡಿ. ಜಿಡ್ಡು ಮೆತ್ತಿದ ಲೇತು ಎಷ್ಟೋ ಸಲ ಚೆನ್ನಾಗಿರುತ್ತದೆ, ಎಣ್ಣೆ ಕಂಡಿದೆ ಎಂಬುದಕ್ಕೆ ಅದೇ ಸಾಕ್ಷಿ.

ಬೆಡ್ ಸವೆಯುವುದು ಚಕ್ಕಿನ ಹತ್ತಿರದ ಒಂದು ಅಡಿಯಲ್ಲಿ, ಯಾಕೆಂದರೆ ಕೆಲಸವೆಲ್ಲ ನಡೆಯುವುದು ಅಲ್ಲೇ. ಸ್ಯಾಡಲ್ಲನ್ನು (ಟೂಲ್ ಹೊತ್ತು ಬೆಡ್ ಮೇಲೆ ಓಡುವ ಭಾಗ) ಚಕ್ಕಿನ ಹತ್ತಿರ ತನ್ನಿ. ಅದರ ಲಾಕ್ ಬೋಲ್ಟನ್ನು ಸ್ವಲ್ಪ ಬಿಗಿ ಆಗುವಷ್ಟು ತಿರುಗಿಸಿ. ಈಗ ಟೇಲ್‌ಸ್ಟಾಕ್ ಕಡೆಗೆ ಹ್ಯಾಂಡ್ ವೀಲ್ ತಿರುಗಿಸುತ್ತಾ ಹೋಗಿ. ಮಧ್ಯದಲ್ಲೇ ಸಿಕ್ಕಿಕೊಂಡರೆ ಚಕ್ಕಿನ ಹತ್ತಿರ ಬೆಡ್ ತೆಳುವಾಗಿದೆ ಎಂದರ್ಥ. ಉಗುರಿನಿಂದ ಬೆಡ್ಡಿನ ವೀ (ವಿ ಆಕಾರದ ಏಣು) ಮೇಲೆ ಅಡ್ಡ ಸವರಿ, ಸ್ಯಾಡಲ್ ಓಡಾಡದ ಜಾಗದ ಅಂಚಿನಲ್ಲಿ ಮೆಟ್ಟಿಲು ಸಿಗುತ್ತದೆಯೇ ನೋಡಿ.

ಸವೆದ ಬೆಡ್ ಎಂದ ಕೂಡಲೇ ಲೇತನ್ನು ಬಿಟ್ಟುಬಿಡಬೇಕಿಲ್ಲ. ಬುಷ್, ಸ್ಪೇಸರ್, ಸಣ್ಣ ಪಿನ್ ಮಾಡುವವರಿಗೆ ಆ ಸವೆತ ಗೊತ್ತೇ ಆಗುವುದಿಲ್ಲ. ಉದ್ದದ ಶಾಫ್ಟ್ ಟರ್ನ್ ಮಾಡುವವರಿಗೆ ಮಾತ್ರ ತಲೆನೋವು. ನಿಮ್ಮ ಕೆಲಸ ಯಾವುದು ಎಂದು ಮೊದಲು ಯೋಚಿಸಿ.

ಸ್ಪಿಂಡಲ್ ಬೇರಿಂಗಿಗೆ ಡಯಲ್ ಗೇಜ್ ಬೇಕು. ಮ್ಯಾಗ್ನೆಟ್ ಸ್ಟ್ಯಾಂಡನ್ನು ಬೆಡ್ ಮೇಲೆ ಇಟ್ಟು ಗೇಜಿನ ಮುಳ್ಳನ್ನು ರಿಜಿಸ್ಟರ್ ಮೇಲೆ ಕೂರಿಸಿ. ಒಂದು ಗಟ್ಟಿ ಮರದ ದಂಡದಿಂದ ಸ್ಪಿಂಡಲ್ಲನ್ನು ಮೇಲಕ್ಕೆ ಮೀಟಿ. ಸಾದಾ ಬುಷ್ ಬೇರಿಂಗಿನಲ್ಲಿ ಒಂದೆರಡು ಥೌ, ಅಂದರೆ 0.025ರಿಂದ 0.05 ಮಿ.ಮೀ. ಎದ್ದರೆ ಗಾಬರಿ ಬೇಡ, ಎಣ್ಣೆಗೂ ಜಾಗ ಬೇಕಲ್ಲ. ಅದಕ್ಕಿಂತ ಜಾಸ್ತಿ ಇದ್ದರೆ ಹೊಂದಿಸಲು ಅವಕಾಶ ಇದೆಯೇ ನೋಡಿ. ಮೈಫೋರ್ಡ್ ಎಂಎಲ್7ರಂಥ ಲೇತಿನಲ್ಲಿ ಬೇರಿಂಗ್ ಕ್ಯಾಪಿನ ಕೆಳಗೆ ಪದರ ಪದರದ ಶಿಮ್ (ಎತ್ತರ ಹೊಂದಿಸುವ ತೆಳು ತಗಡು) ಇರುತ್ತದೆ, ತೆಳುವಾದ ಒಂದೊಂದೇ ಪದರ ತೆಗೆದು ಹೊಂದಿಸಬೇಕು. ಎಡದ ಶಿಮ್ ಎಡಕ್ಕೆ, ಬಲದ್ದು ಬಲಕ್ಕೆ. ಅದಲು ಬದಲು ಆಗಬಾರದು.

ಸ್ಪಿಂಡಲ್ ವಾಲಾಟವನ್ನು ಚಕ್ಕಿನಲ್ಲಿ ಹಿಡಿದ ಸರಳಿನ ಮೇಲೆ ನೋಡಬೇಡಿ. ಹಳೆ ಮೂರು ಜಾ (ತುಂಡು ಕಚ್ಚಿ ಹಿಡಿಯುವ ದವಡೆ) ಚಕ್ಕೇ ಓರೆ ಇರುತ್ತದೆ. ನೇರವಾಗಿ ರಿಜಿಸ್ಟರ್ ಮೇಲೆ ಮತ್ತು ಒಳಗಿನ ಟೇಪರ್ ಮೇಲೆ ಗೇಜ್ ಇಡಿ.

ಬ್ಯಾಕ್ ಗೇರಿನ (ಸ್ಪಿಂಡಲ್ಲನ್ನು ನಿಧಾನವಾಗಿ ತಿರುಗಿಸುವ ಗೇರಿನ) ಹಲ್ಲು ಎಣಿಸುತ್ತಾ ಪೂರ್ತಿ ಸುತ್ತಿ ನೋಡಿ. ಹಳೆ ಲೇತಿನಲ್ಲಿ ಇಲ್ಲಿ ಒಂದೆರಡು ಹಲ್ಲು ಹೋಗಿರುವುದು ಬಹಳ ಸಾಮಾನ್ಯ. ಕಾರಣ ಒಂದೇ: ಸಿಕ್ಕಿಕೊಂಡ ಚಕ್ ಬಿಚ್ಚಲು ಬ್ಯಾಕ್ ಗೇರನ್ನೂ ಡೈರೆಕ್ಟ್ ಪಿನ್ನನ್ನೂ (ಪುಲ್ಲಿಯನ್ನು ನೇರವಾಗಿ ಸ್ಪಿಂಡಲ್ಲಿಗೆ ಜೋಡಿಸುವ ಪಿನ್) ಒಟ್ಟಿಗೆ ಹಾಕಿ ಸ್ಪಿಂಡಲ್ ಬಿಗಿ ಮಾಡಿ ಚಕ್ಕಿಗೆ ಹೊಡೆಯುತ್ತಾರೆ. ಬೀಡಿನ ಹಲ್ಲು ಆ ಏಟು ತಡೆಯುವುದಿಲ್ಲ. ಸರಿಯಾದ ದಾರಿ ಹೀಗೆ: ಥ್ರೆಡ್ಡಿಗೆ ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿ. ಚಕ್ಕಿನಲ್ಲಿ ದಪ್ಪದೊಂದು ಷಡ್ಭುಜ ಸರಳು ಹಿಡಿದು ದೊಡ್ಡ ಸ್ಪ್ಯಾನರ್ ಹಾಕಿ. ಸ್ಪಿಂಡಲ್ ತಿರುಗದಂತೆ ಪುಲ್ಲಿಗೆ ಹಳೆ ಬೆಲ್ಟ್ ಸುತ್ತಿ ಒಬ್ಬರು ಹಿಡಿದುಕೊಳ್ಳಲಿ. ಜಾ ಒಂದರ ಕೆಳಗೆ ಮರದ ತುಂಡು ಕೊಟ್ಟು ಪುಲ್ಲಿಯನ್ನು ಕೈಯಿಂದ ಹಿಂದಕ್ಕೆ ಜಗ್ಗುವುದೂ ಒಂದು ದಾರಿ. ಮೋಟಾರಿನ ಬಲ ಬಳಸಬೇಡಿ. ಥ್ರೆಡ್ ಮೂತಿಯ ಲೇತನ್ನು ಕಟಿಂಗ್ ಮಾಡುವಾಗ ರಿವರ್ಸ್ ಓಡಿಸಲೂಬೇಡಿ, ಚಕ್ ಬಿಚ್ಚಿಕೊಂಡು ಮೇಲೆ ಬೀಳುತ್ತದೆ.

ಕ್ರಾಸ್ ಸ್ಲೈಡಿನ (ಟೂಲನ್ನು ಅಡ್ಡ ಸರಿಸುವ ಭಾಗದ) ಬ್ಯಾಕ್‌ಲ್ಯಾಶ್, ಅಂದರೆ ಹ್ಯಾಂಡಲ್ ಖಾಲಿ ತಿರುಗುವ ಸಡಿಲದ ಬಗ್ಗೆ ಎಲ್ಲರೂ ಚಿಂತೆ ಮಾಡುತ್ತಾರೆ. ನನಗೆ ಅದು ದೊಡ್ಡ ದೋಷವಲ್ಲ. ಒಂದೇ ದಿಕ್ಕಿನಿಂದ ಟೂಲ್ ಕೊಟ್ಟರೆ ಅಳತೆ ಸರಿಯೇ ಬರುತ್ತದೆ. ಹ್ಯಾಂಡಲ್ ಅರ್ಧ ಸುತ್ತು ಖಾಲಿ ತಿರುಗಿದರೆ ಮಾತ್ರ ಗನ್ ಮೆಟಲ್ ನಟ್ ಬದಲಿಸಿ.

ನಾಲ್ಕನೇ ಹೆಜ್ಜೆ: ಬಿಚ್ಚುವುದು, ತೊಳೆಯುವುದು

ಎಲ್ಲವನ್ನೂ ಒಂದೇ ದಿನ ಬಿಚ್ಚಿ ಹರಡಬೇಡಿ. ಟೇಲ್‌ಸ್ಟಾಕ್ ಮುಗಿಸಿ, ಜೋಡಿಸಿ, ಆಮೇಲೆ ಕಾಂಪೌಂಡ್ ಸ್ಲೈಡ್ (ಕೋನಕ್ಕೆ ತಿರುಗಿಸಬಹುದಾದ ಮೇಲಿನ ಸ್ಲೈಡ್), ಆಮೇಲೆ ಕ್ರಾಸ್ ಸ್ಲೈಡ್, ಏಪ್ರನ್. ಹೆಡ್‌ಸ್ಟಾಕ್ ಚೆನ್ನಾಗಿ ತಿರುಗುತ್ತಿದ್ದರೆ ಅದನ್ನು ಬಿಚ್ಚುವ ಅಗತ್ಯವೇ ಇಲ್ಲ. ಒಂದೊಂದು ಭಾಗದ ಸ್ಕ್ರೂ, ವಾಷರ್, ಗಿಬ್ (ಸ್ಲೈಡಿನ ಸಡಿಲ ಹೊಂದಿಸುವ ಪಟ್ಟಿ) ಒಂದೊಂದು ಪ್ಲಾಸ್ಟಿಕ್ ಚೀಲದಲ್ಲಿ, ಚೀಟಿ ಸಮೇತ.

ಟೇಪರ್ ಪಿನ್ ಹೊಡೆಯುವ ಮೊದಲು ಎರಡೂ ತುದಿಯ ವ್ಯಾಸ ನೋಡಿ. ಸಣ್ಣ ಕಡೆಯಿಂದಲೇ ಹೊಡೆಯಬೇಕು. ಬಣ್ಣದಡಿ ಮುಚ್ಚಿಹೋದ ಪಿನ್ನುಗಳೂ ಇರುತ್ತವೆ. ಯಾವುದೇ ಭಾಗ ಬಾರದಿದ್ದರೆ ಸುತ್ತಿಗೆ ಎತ್ತುವ ಮೊದಲು ಅಡಗಿದ ಪಿನ್ನೋ ಗ್ರಬ್ ಸ್ಕ್ರೂವೋ (ತಲೆ ಇಲ್ಲದ ಸ್ಕ್ರೂ) ಇದೆಯೇ ಹುಡುಕಿ.

ತೊಳೆಯಲು ಸೀಮೆಎಣ್ಣೆ ಅಥವಾ ಡೀಸೆಲ್, ಬ್ರಷ್, ಬನಿಯನ್ ವೇಸ್ಟ್. ಪೆಟ್ರೋಲ್ ಬೇಡವೇ ಬೇಡ. ಬೆಡ್ ಮತ್ತು ಸ್ಲೈಡುಗಳ ಓಡುವ ಮೈಗೆ ಗ್ರೈಂಡರ್, ಒರಟು ಎಮರಿ ತಾಗಿಸಬಾರದು. ಓರೆಯಾಗಿ ಹಿಡಿದ ಬ್ಲೇಡು ಮತ್ತು ಎಣ್ಣೆ ಹಚ್ಚಿದ ಸಣ್ಣ ಸ್ಕ್ರಬ್ ಪ್ಯಾಡಿನಿಂದ ತುಕ್ಕು ಎದ್ದು ಬರುತ್ತದೆ. ಕಾರ್ಖಾನೆಯವರು ಸ್ಕ್ರೇಪ್ ಮಾಡಿದ ಗುರುತುಗಳು ಅಲ್ಲಲ್ಲಿ ಉಳಿದಿರಬಹುದು. ಆ ಗುರುತು ಎಣ್ಣೆ ಹಿಡಿದುಕೊಳ್ಳುತ್ತದೆ, ಉಜ್ಜಿ ನುಣುಪು ಮಾಡಬೇಡಿ. ಹಳೆ ಬಣ್ಣದಲ್ಲಿ ಸೀಸ ಇರಬಹುದು. ಒಣಗಿದ ಬಣ್ಣವನ್ನು ಉಜ್ಜಿ ಪುಡಿ ಎಬ್ಬಿಸಬೇಡಿ, ಬಣ್ಣ ತೆಗೆಯುವ ದ್ರಾವಣ ಬಳಸಿ.

ಹ್ಯಾಂಡಲ್, ಬ್ರಾಕೆಟ್, ಬೋಲ್ಟಿನಂಥ ತುಕ್ಕು ಹಿಡಿದ ಸಣ್ಣ ಭಾಗಗಳಿಗೆ ಕಾಕಂಬಿ ಚೆನ್ನಾಗಿ ಕೆಲಸ ಮಾಡುತ್ತದೆ. ಸಕ್ಕರೆ ಕಾರ್ಖಾನೆ ಇರುವ ಕಡೆ ಇದು ಸುಲಭವಾಗಿ ಸಿಗುತ್ತದೆ. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು ಬೆರೆಸಿ, ಒಂದೆರಡು ವಾರ ಮುಳುಗಿಸಿಡಿ, ಆಗಾಗ ತೆಗೆದು ನೋಡಿ. ವಾಸನೆ ಬರುತ್ತದೆ, ಮನೆಯಿಂದ ದೂರ ಇಡಿ. ಅಲ್ಯೂಮಿನಿಯಂ, ಸತುವಿನ ಭಾಗಗಳನ್ನು ಇದು ತಿಂದುಹಾಕುತ್ತದೆ. ಅಳತೆಗೆ ಮಾಡಿದ ನುಣುಪು ಮೈಗಳನ್ನೂ ಇದರಲ್ಲಿ ಹಾಕಬೇಡಿ. ಹೊರತೆಗೆದ ಕೂಡಲೇ ತೊಳೆದು ಒಣಗಿಸಿ ಎಣ್ಣೆ ಸವರಿ, ಇಲ್ಲದಿದ್ದರೆ ನೋಡುನೋಡುತ್ತಲೇ ಮತ್ತೆ ತುಕ್ಕು.

ಐದನೇ ಹೆಜ್ಜೆ: ಎಣ್ಣೆ ಮತ್ತು ಕರೆಂಟು

ಎಣ್ಣೆ ಹಾಕುವ ತೂತಿಗೆ ಗ್ರೀಸ್ ತುಂಬುವುದು ಹಳೆ ಲೇತಿಗೆ ಮಾಡುವ ದೊಡ್ಡ ಅನ್ಯಾಯ. ಮೈಫೋರ್ಡಿನ ನಿಪ್ಪಲ್ ನೋಡಲು ಗ್ರೀಸ್ ನಿಪ್ಪಲ್ಲಿನ ಹಾಗೇ ಇದೆ, ಆದರೆ ಅದು ಎಣ್ಣೆ ಗನ್ನಿಗೆ. ಗ್ರೀಸ್ ಹೋದರೆ ದಾರಿ ಕಟ್ಟಿಕೊಳ್ಳುತ್ತದೆ, ಕಬ್ಬಿಣದ ಪುಡಿಯನ್ನೂ ಹಿಡಿದಿಟ್ಟುಕೊಂಡು ಮೈ ತಿನ್ನುತ್ತದೆ. ಸೌತ್ ಬೆಂಡಿನಲ್ಲಿ ಫೆಲ್ಟ್ ಬತ್ತಿ ಎಣ್ಣೆಯನ್ನು ಮೇಲೆ ಎಳೆದುಕೊಂಡು ಸ್ಪಿಂಡಲ್ಲಿಗೆ ಮುಟ್ಟಿಸುತ್ತದೆ. ಆ ಬತ್ತಿ ಗಟ್ಟಿಯಾಗಿದ್ದರೆ ಹೊಸದು ಹಾಕದೆ ಲೇತ್ ಓಡಿಸಬಾರದು.

ಬೆಡ್ ಮತ್ತು ಸ್ಲೈಡುಗಳಿಗೆ ವಿಜಿ 68 (ವಿಜಿ ಎಂದರೆ ಎಣ್ಣೆ ಎಷ್ಟು ಮಂದ ಎಂದು ಹೇಳುವ ಅಂಕಿ) ಸ್ಲೈಡ್‌ವೇ ಎಣ್ಣೆ. ಸಣ್ಣ ಲೇತಿನ ಬುಷ್ ಬೇರಿಂಗಿಗೆ ತೆಳು ಎಣ್ಣೆ, ವಿಜಿ 22 ಅಥವಾ 32. ಗೇರ್ ಹೆಡ್‌ಸ್ಟಾಕ್ ಇರುವ ದೊಡ್ಡ ಲೇತಿಗೆ ಕೈಪಿಡಿಯಲ್ಲಿ ಹೇಳಿದ್ದೇ ಕೊನೆ ಮಾತು. ಕೈಪಿಡಿ ಇಲ್ಲದಿದ್ದರೆ ಅದೇ ಮಾಡೆಲ್ ಇರುವವರನ್ನು ಕೇಳಿ.

ಕರೆಂಟಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಬಟ್ಟೆ ಸುತ್ತಿದ ಹಳೆ ವೈರ್ ಪೂರ್ತಿ ಕಿತ್ತುಹಾಕಿ, ಅರ್ಥ್ ಸರಿಯಾಗಿ ಕೊಡಿಸಿ. ಕರೆಂಟ್ ಹೋಗಿ ಬಂದಾಗ ತಾನಾಗಿ ಶುರುವಾಗದ ಸ್ವಿಚ್ ಹಾಕಿ. ಮನೆಯಲ್ಲಿ ಸಿಂಗಲ್ ಫೇಸ್ ಮಾತ್ರ ಇದ್ದರೆ ವಿಎಫ್‌ಡಿ (ಸಿಂಗಲ್ ಫೇಸನ್ನು ಮೂರು ಫೇಸ್ ಮಾಡಿ ಮೋಟಾರಿಗೆ ಕೊಡುವ ಪೆಟ್ಟಿಗೆ) ಒಂದು ದಾರಿ. ಆದರೆ 230 ವೋಲ್ಟಿನ ವಿಎಫ್‌ಡಿ ಕೊಡುವುದೂ 230 ವೋಲ್ಟಿನ ಮೂರು ಫೇಸ್. ಮೋಟಾರಿನ ಪ್ಲೇಟಿನಲ್ಲಿ ಡೆಲ್ಟಾಗೆ (ಮೋಟಾರಿನ ವೈರ್ ಸುತ್ತುಗಳ ಒಂದು ಬಗೆಯ ಜೋಡಣೆ) 230 ಅಥವಾ 240 ವೋಲ್ಟ್ ಎಂದು ಇದ್ದರೆ ಮಾತ್ರ ಹೊಂದುತ್ತದೆ. ಡೆಲ್ಟಾಗೇ 415 ಎಂದಿದ್ದರೆ ಆ ಮೋಟಾರ್ ಬಿಟ್ಟು ಬೇರೆ ನೋಡಿ. ಈ ಕೆಲಸ ತಿಳಿದ ಎಲೆಕ್ಟ್ರಿಷಿಯನ್ ಕೈಯಿಂದಲೇ ಆಗಲಿ.

ಲೇತನ್ನು ಕೂರಿಸಿದ ಮೇಲೆ ಬೆಡ್ ತಿರುಚಿಕೊಂಡಿದೆಯೇ ನೋಡಬೇಕು. ಸವೆತ ಎಂದು ಜನ ಬೈಯುವುದು ಎಷ್ಟೋ ಸಲ ಬರೀ ತಿರುಚು. ದಪ್ಪ ಸರಳೊಂದನ್ನು ಚಕ್ಕಿನಲ್ಲಿ ಹಿಡಿದು, ಟೇಲ್‌ಸ್ಟಾಕ್ ಆಸರೆ ಇಲ್ಲದೆ, ಸುಮಾರು 150 ಮಿ.ಮೀ. ಅಂತರದಲ್ಲಿ ಎರಡು ಪಟ್ಟಿ ಬಿಟ್ಟು ನಡುವಿನದನ್ನು ಸಣ್ಣ ಮಾಡಿ. ಕ್ರಾಸ್ ಸ್ಲೈಡ್ ಮುಟ್ಟದೆ ಎರಡರ ಮೇಲೂ ಒಂದೇ ತೆಳು ಕಟ್ ಹೊಡೆಯಿರಿ. ಮೈಕ್ರೋಮೀಟರಿನಲ್ಲಿ ಎರಡೂ ಒಂದೇ ಬಂದರೆ ಸರಿ. ಟೇಲ್‌ಸ್ಟಾಕ್ ಕಡೆಯ ಪಟ್ಟಿ ದಪ್ಪ ಬಂದರೆ ಆ ತುದಿಯ ಮುಂದಿನ ಕಾಲಿನಡಿ ತೆಳು ಶಿಮ್ ಕೊಟ್ಟು ಸ್ವಲ್ಪ ಎತ್ತರಿಸಿ. ಸಣ್ಣ ಬಂದರೆ ಹಿಂದಿನ ಕಾಲು. ಮತ್ತೆ ಕಟ್ ಹೊಡೆದು ನೋಡಿ. ತಾಳ್ಮೆ ಬೇಡುವ ಕೆಲಸ, ಆದರೆ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಲಾಭ ಕೊಡುವ ಕೆಲಸ ಇನ್ನೊಂದಿಲ್ಲ.

ಆರನೇ ಹೆಜ್ಜೆ: ಕೇಳುವುದು, ಕೊಡುವುದು

ಈಗ ಜಾತಕ ತಯಾರು. ನೆರವು ಕೇಳುವಾಗ ಹೀಗೆ ಬರೆಯಬಹುದು:

"ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಸೌತ್ ಬೆಂಡ್ 9 ಇಂಚಿನ ಲೇತ್ ಇದೆ, ಮೂರೂವರೆ ಅಡಿ ಬೆಡ್, ಗೇರ್ ಬಾಕ್ಸ್ ಇರುವ ಮಾಡೆಲ್. ಬ್ಯಾಕ್ ಗೇರಿನ ದೊಡ್ಡ ಚಕ್ರದಲ್ಲಿ ಎರಡು ಹಲ್ಲು ಮುರಿದಿವೆ. ಹಲ್ಲಿನ ಸಂಖ್ಯೆ, ಹೊರ ವ್ಯಾಸ, ಅಗಲ, ತೂತು ಕೆಳಗೆ ಬರೆದಿದ್ದೇನೆ. ಫೋಟೊ ರೂಲ್ ಸಮೇತ ಇದೆ. ಹಲ್ಲು ಬ್ರೇಜಿಂಗ್ (ಹಿತ್ತಾಳೆ ಬೆಸುಗೆ) ಮಾಡಿಸಿದವರು ಇದ್ದರೆ ಹೇಗೆ ಬಂತು ತಿಳಿಸಿ. ಹಳೆ ಗೇರ್ ಇದ್ದರೆ ಕೊಳ್ಳಲು ಸಿದ್ಧ."

ಒಂದು ಲೇತು, ಒಂದು ತೊಂದರೆ, ಒಂದು ಪ್ರಶ್ನೆ. ಈಗಾಗಲೇ ಏನು ಪ್ರಯತ್ನ ಮಾಡಿದಿರಿ ಎಂಬುದನ್ನೂ ಸೇರಿಸಿ. ಹತ್ತು ತೊಂದರೆ ಒಟ್ಟಿಗೆ ಸುರಿದರೆ ಯಾವುದಕ್ಕೂ ಉತ್ತರ ಬರುವುದಿಲ್ಲ. ಉತ್ತರ ಬಂದು ಕೆಲಸ ಆದ ಮೇಲೆ, ಅಥವಾ ಆಗದಿದ್ದರೂ, ಏನಾಯಿತು ಎಂದು ತಿರುಗಿ ಹೇಳಿ. ಮುಂದೆ ಅದೇ ತೊಂದರೆ ಬಂದವರಿಗೆ ಬೇಕಾಗುವುದು ಆ ಕೊನೆಯ ಮಾತೇ. ಮನೆ ವಿಳಾಸ, ಶೆಡ್ಡಿನ ಜಾಗ ಎಲ್ಲರ ಮುಂದೆ ಬರೆಯುವುದು ಬೇಡ.

ಎದುರಿಗೆ ಕೂತು ಕೇಳುವ ಅವಕಾಶ ಇದ್ದರೆ ಅದಕ್ಕೆ ಸಮ ಬೇರೆ ಇಲ್ಲ. ಬೆಂಗಳೂರಿನಲ್ಲಿ ಎಚ್‌ಎಂಟಿಯಿಂದ, ಹರಿಹರ ದಾವಣಗೆರೆ ಕಡೆ ಕಿರ್ಲೋಸ್ಕರ್‌ನಿಂದ ನಿವೃತ್ತರಾದ ಹಿರಿಯರು ಇದ್ದಾರೆ. ಊರಿನ ಐಟಿಐನ ಟರ್ನರ್ ವಿಭಾಗದ ಮೇಷ್ಟ್ರನ್ನೂ ಕೇಳಬಹುದು. "ಸಾರ್, ಇದರ ಗಿಬ್ ಹೇಗೆ ಹೊಂದಿಸ್ತಿದ್ರಿ?" ಎಂದು ಕೇಳಿ, ನೋಟ್ ಪುಸ್ತಕ ತೆಗೆದು ಬರೆದುಕೊಳ್ಳಿ. ಅವರ ಕೈಯಲ್ಲಿರುವ ವಿದ್ಯೆ ಎಷ್ಟೋ ಕೈಪಿಡಿಗಳಲ್ಲಿ ಇಲ್ಲ. ಕೇಳುವವರಿಲ್ಲದೆ ಅದು ಹೋಗಿಬಿಟ್ಟರೆ ನಮಗೆಲ್ಲ ನಷ್ಟ.

ನಿಮ್ಮ ಹತ್ತಿರ ಕೈಪಿಡಿ ಇದ್ದರೆ ಬೆನ್ನು ಮುರಿಯದಂತೆ ಬಿಡಿಸಿ, ಪುಟ ಪುಟವೂ ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಿ. ಎಣ್ಣೆ ಚಾರ್ಟ್, ವೈರಿಂಗ್ ಚಿತ್ರ, ಪಾರ್ಟ್ ನಂಬರ್ ಪುಟ ಜಾಸ್ತಿ ಕೇಳಿಬರುತ್ತವೆ. ನಿಮ್ಮ ಲೇತಿನ ಒಡೆಯದ ಭಾಗದ ಅಳತೆ ಕೊಡುವುದೂ ದೊಡ್ಡ ಸಹಾಯ. ಮುರಿದ ಭಾಗದಿಂದ ಮೂಲ ಅಳತೆ ತೆಗೆಯುವುದು ಕಷ್ಟ, ಅದೇ ಮಾಡೆಲಿನ ಇನ್ನೊಂದು ಲೇತಿದ್ದರೆ ಸ್ವಲ್ಪ ಹೊತ್ತಿನ ಕೆಲಸ.

ಹೊಸ ಗೇರ್ ಕಟ್ ಮಾಡಿಸಲು ಬೆಂಗಳೂರಿನ ಪೀಣ್ಯದಂಥ ಕಡೆ ಹೋದಾಗ ಹಲ್ಲಿನ ಸಂಖ್ಯೆ, ಡಿಪಿ ಅಥವಾ ಮಾಡ್ಯೂಲ್, ಪ್ರೆಶರ್ ಕೋನ, ಅಗಲ, ತೂತು, ಕೀ ಗಾಡಿ ಇಷ್ಟನ್ನೂ ಚೀಟಿಯಲ್ಲಿ ಕೊಡಿ. ಹಳೆ ಗೇರನ್ನೂ ಅದರ ಜೋಡಿ ಗೇರನ್ನೂ ಜೊತೆಗೆ ಒಯ್ಯಿರಿ. ಒಂದೇ ಗೇರಿಗೆ ಖರ್ಚು ಜಾಸ್ತಿ ಬೀಳುತ್ತದೆ. ಅದೇ ಮಾಡೆಲಿನ ನಾಲ್ಕೈದು ಮಾಲೀಕರು ಸೇರಿ ಒಟ್ಟಿಗೆ ಮಾಡಿಸಿದರೆ ತಲಾ ಖರ್ಚು ಬಹಳ ಇಳಿಯುತ್ತದೆ.

ಎರಕದ ಭಾಗಕ್ಕೂ ಇದೇ ಮಾತು. ಚೇಂಜ್ ಗೇರಿನ ಬಾಗಿಲು, ಬ್ರಾಕೆಟ್, ಹ್ಯಾಂಡ್ ವೀಲುಗಳನ್ನು ಬೆಳಗಾವಿಯಂಥ ಫೌಂಡ್ರಿ ಊರುಗಳಲ್ಲಿ ಹೊಯ್ಯಿಸಬಹುದು. ಆದರೆ ಹಳೆ ಭಾಗವನ್ನೇ ಪ್ಯಾಟರ್ನ್ ಮಾಡಿ ಅಚ್ಚು ಒತ್ತಿಸಿದರೆ ಬಂದ ಎರಕ ಚಿಕ್ಕದಾಗಿರುತ್ತದೆ. ಬೀಡು ತಣ್ಣಗಾಗುವಾಗ ನೂರಕ್ಕೆ ಒಂದು ಪಾಲಿನಷ್ಟು ಕುಗ್ಗುತ್ತದೆ, ಅಂದರೆ ಮೀಟರಿಗೆ ಸುಮಾರು 10 ಮಿ.ಮೀ. 300 ಮಿ.ಮೀ. ಉದ್ದದ ಬ್ರಾಕೆಟ್ 3 ಮಿ.ಮೀ. ಗಿಡ್ಡ ಬಂದರೆ ಬೋಲ್ಟಿನ ತೂತು ಕೂರುವುದಿಲ್ಲ. ಹಾಗಾಗಿ ಆ ಕುಗ್ಗುವಿಕೆ ಸೇರಿಸಿ, ಮಷಿನಿಂಗ್ ಮಾಡುವ ಮೈಗಳಿಗೆ 3 ಮಿ.ಮೀ.ನಷ್ಟು ಹೆಚ್ಚಿಗೆ ಬಿಟ್ಟು ಮರದ ಪ್ಯಾಟರ್ನ್ ಮಾಡಿಸಿ. ಕೆಲಸ ಮುಗಿದ ಮೇಲೆ ಪ್ಯಾಟರ್ನನ್ನು ಫೌಂಡ್ರಿಯಲ್ಲೇ ಬಿಟ್ಟು ಬರಬೇಡಿ. ಅದರ ಮೇಲೆ ಲೇತಿನ ಹೆಸರು, ಭಾಗದ ಹೆಸರು, ಪ್ಯಾಟರ್ನ್ ನಂಬರ್ ಬರೆದು ಮನೆಗೆ ತಂದು ಒಣಗಿದ ಜಾಗದಲ್ಲಿಡಿ. ಅದೇ ಲೇತ್ ಇರುವವರಿಗೆ ಪ್ಯಾಟರ್ನ್ ನಿಮ್ಮ ಹತ್ತಿರ ಇದೆ ಎಂದು ತಿಳಿಸಿ, ಕೇಳಿದವರಿಗೆ ಎರವಲು ಕೊಡಿ.